ಬೇಗ ಮಾಗುವ ಪೀಚ್: ಫ್ಲೋರ್ಡಾಪ್ರಿನ್ಸ್, ಟ್ರಾಪಿಕ್ ಬ್ಯೂಟಿ, ಯುಎಫ್‌ಸನ್ - ಯಾವುದು ನೆಡಬೇಕು?

ಮೊದಲು ನೋಡಬೇಕಾದದ್ದು ರುಚಿಯಲ್ಲ, ಚಳಿ. 7 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ಗಂಟೆಗಳು ಯುಎಫ್‌ಸನ್‌ಗೆ ಸುಮಾರು 100, ಉಳಿದೆರಡಕ್ಕೂ ಸುಮಾರು 150 ಬೇಕು. ಚಳಿ ಸಾಲದಿದ್ದರೆ ಮೊಗ್ಗುಗಳು ಒಟ್ಟಿಗೆ ಒಡೆಯುವುದಿಲ್ಲ, ಎಲೆ ತಡವಾಗುತ್ತದೆ, ಕಾಯಿ ಕಚ್ಚುವುದೂ ಕಡಿಮೆ. ಹಾಗೆಂದು ಚಳಿ ಹೆಚ್ಚಿರುವಲ್ಲಿ ಇವನ್ನು ನೆಡುವುದೂ ತಪ್ಪೇ: ಚಳಿಗಾಲ ಮುಗಿಯುವ ಮುನ್ನವೇ ಹೂಬಿಟ್ಟು ಹಿಮಕ್ಕೆ ಸಿಕ್ಕಿಬೀಳುತ್ತವೆ. ಅರಳಿದ ಹೂವಿಗೆ ಮೈನಸ್ 4 ಡಿಗ್ರಿ ಬಂದರೆ ಬೆಳೆ ಹೋಯಿತೆಂದೇ ಲೆಕ್ಕ.

ಹೂವಿನಿಂದ ಹಣ್ಣಿಗೆ ಫ್ಲೋರ್ಡಾಪ್ರಿನ್ಸ್, ಯುಎಫ್‌ಸನ್ ಎರಡಕ್ಕೂ ಸುಮಾರು 80 ದಿನ. ಟ್ರಾಪಿಕ್ ಬ್ಯೂಟಿ ಒಂದು ವಾರಕ್ಕೂ ಹೆಚ್ಚು ತಡ, ಆದರೆ ಹಣ್ಣು ದಪ್ಪವಾಗಲು ಅಷ್ಟು ಕಾಲ ಸಿಗುತ್ತದೆ.

ಮಾರಾಟಕ್ಕಾದರೆ ತಿರುಳಿನ ಗುಣವೇ ನಿರ್ಣಾಯಕ. ಯುಎಫ್‌ಸನ್‌ನ ತಿರುಳು ಹಣ್ಣಾದರೂ ಗಟ್ಟಿಯಾಗಿಯೇ ಇರುತ್ತದೆ; ಮರದಲ್ಲೇ ಸಿಹಿ ತುಂಬಿಸಿಕೊಂಡು ಕೊಯ್ದು ಕ್ರೇಟಿನಲ್ಲಿ ಸಾಗಿಸಬಹುದು. ಉಳಿದೆರಡರದು ಕರಗುವ ತಿರುಳು, ಮಾಗಿದ ಮೇಲೆ ಬೆರಳೊತ್ತಿದ ಗುರುತೂ ಕಪ್ಪಾಗುತ್ತದೆ. ಹಿತ್ತಲಲ್ಲೇ ಕಿತ್ತು ತಿನ್ನುವವರಿಗೆ ಆ ರಸವೇ ಬೇಕಾದದ್ದು. ಅವರು ಫ್ಲೋರ್ಡಾಪ್ರಿನ್ಸ್ ಹಾಕಿದರೆ ಸಾಕು. ಮೂರಕ್ಕೂ ಪರಾಗಕ್ಕಾಗಿ ಜೊತೆ ಮರ ಬೇಕಿಲ್ಲ.

ಕಾಯಿ ತೆಳುಮಾಡುವುದನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳುವಂತಿಲ್ಲ. ಬೀಜದ ಓಟೆ ಗಟ್ಟಿಯಾಗುವ ಮುನ್ನ 15ರಿಂದ 20 ಸೆಂಟಿಮೀಟರಿಗೊಂದು ಕಾಯಿ ಉಳಿಸಿ ಮಿಕ್ಕದ್ದನ್ನು ಕಿತ್ತುಹಾಕಿ. ತಡಮಾಡಿದರೆ, 80 ದಿನದ ತಳಿಗೆ ಆ ನಷ್ಟ ತುಂಬಿಕೊಳ್ಳಲು ಸಮಯವೇ ಇರುವುದಿಲ್ಲ. ಹಣ್ಣು ಸಣ್ಣದಾಗಿಯೇ ಉಳಿಯುತ್ತದೆ. ಕೂಲಿಯಾಳು ಸಕಾಲಕ್ಕೆ ಸಿಗದ ತೋಟಕ್ಕೆ ಟ್ರಾಪಿಕ್ ಬ್ಯೂಟಿ ತುಸು ಸುರಕ್ಷಿತ.