ಸೂರ್ಯನತ್ತ ತಿರುಗುವ ಫಲಕ, ತಿರುಗದ ಫಲಕ: ಒಂದು ಹೋಲಿಕೆ

ಒಂದೇ ಮಾದರಿಯ, ಒಂದೇ ಸಾಮರ್ಥ್ಯದ ಮೂರು ಸೌರ ಫಲಕಗಳನ್ನು ನೆರಳು ಬೀಳದ ಬಯಲಿನಲ್ಲಿ ನಿಲ್ಲಿಸಿ, ಪ್ರತಿಯೊಂದಕ್ಕೂ ಬೇರೆ ಬೇರೆ ಮೀಟರ್ ಜೋಡಿಸಿ ಇಳುವರಿಯನ್ನು ಗಮನಿಸಿದ್ದೇನೆ. ಮೊದಲನೆಯದನ್ನು ಸ್ಥಳದ ಅಕ್ಷಾಂಶದಷ್ಟೇ ಓರೆಯಲ್ಲಿ ಅಲುಗಾಡದಂತೆ ಬಿಗಿದಿದ್ದೆ. ಎರಡನೆಯದು ಉತ್ತರ-ದಕ್ಷಿಣವಾಗಿ ಮಲಗಿದ ಒಂದೇ ಅಕ್ಷದ ಮೇಲೆ ಪೂರ್ವದಿಂದ ಪಶ್ಚಿಮಕ್ಕೆ ಹೊರಳುತ್ತಿತ್ತು. ಮೂರನೆಯದು ಎರಡು ಅಕ್ಷಗಳ ನೆರವಿನಿಂದ ಸದಾ ಸೂರ್ಯನಿಗೆ ಮುಖಾಮುಖಿಯಾಗಿರುತ್ತಿತ್ತು.

ತಿರುಗುವ ಫಲಕದ ಲಾಭವೆಲ್ಲ ಬೆಳಗ್ಗೆ ಮತ್ತು ಸಂಜೆಯದು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಹಗಲು-ರಾತ್ರಿ ಸಮವಾಗಿರುವ ದಿನಗಳಲ್ಲಿ ನಡುಹಗಲಿಗೆ ಎರಡು ಗಂಟೆ ಮುಂಚೆ ಸ್ಥಿರ ಫಲಕದ ಮೇಲೆ ಬಿಸಿಲು 30 ಡಿಗ್ರಿ ಓರೆಯಾಗಿ ಬೀಳುತ್ತದೆ. ಆಗ ನಷ್ಟ ಶೇ. 13ರಷ್ಟೇ. ನಾಲ್ಕು ಗಂಟೆ ಮುಂಚೆ ಆ ಓರೆ 60 ಡಿಗ್ರಿಯಾಗಿ, ನೇರ ಬಿಸಿಲಿನ ಅರ್ಧ ಮಾತ್ರ ದಕ್ಕುತ್ತದೆ. ಸ್ಥಿರ ಫಲಕದ ಆಂಪಿಯರ್ ಇನ್ನೂ ನಿಧಾನವಾಗಿ ಏರುತ್ತಿರುವಾಗಲೇ ಪಕ್ಕದ ಎರಡೂ ಮೀಟರ್‌ಗಳು ಮಟ್ಟಕ್ಕೆ ಬಂದು ನಿಂತಿರುತ್ತಿದ್ದವು. ಮಧ್ಯಾಹ್ನದ ಚಿತ್ರವೇ ಬೇರೆ. ಚಳಿಗಾಲದಲ್ಲಿ ಸೂರ್ಯ ಕೆಳಗಿಳಿದಾಗ, ಆ ಹೊತ್ತಿಗೆ ಚಪ್ಪಟೆಯಾಗಿ ಮಲಗುವ ಏಕಾಕ್ಷ ಫಲಕವು ಸ್ಥಿರ ಫಲಕಕ್ಕಿಂತಲೂ ಹಿಂದೆ ಬೀಳುತ್ತಿತ್ತು.

ಶುಭ್ರ ಆಕಾಶವಿರುವೆಡೆ ಒಂದು ಅಕ್ಷದಿಂದ ವರ್ಷದ ಇಳುವರಿ ಸಾಮಾನ್ಯವಾಗಿ ಶೇ. 15ರಿಂದ 25ರಷ್ಟು, ಎರಡು ಅಕ್ಷಗಳಿಂದ ಶೇ. 30ರಿಂದ 40ರಷ್ಟು ಹೆಚ್ಚುತ್ತದೆ. ಮೋಡ ಕವಿದ ದಿನ ಈ ಲೆಕ್ಕ ನಡೆಯುವುದಿಲ್ಲ. ಬೆಳಕು ಇಡೀ ಆಕಾಶದಿಂದ ಚದುರಿ ಬರುವಾಗ ಮೇಲ್ಮುಖವಾಗಿ ಮಲಗಿದ ಫಲಕಕ್ಕೇ ಹೆಚ್ಚು ಸಿಗುತ್ತದೆ. ಬೆಳಕಿನ ಸಂವೇದಕವನ್ನು ನಂಬಿದ ಯಂತ್ರವಂತೂ ಹೊಳೆಯುವ ಮೋಡದ ಅಂಚನ್ನೇ ಸೂರ್ಯನೆಂದು ಭಾವಿಸಿ, ಅತ್ತಿಂದಿತ್ತ ತಿರುಗುತ್ತ ಮೋಟಾರನ್ನು ಸುಮ್ಮನೆ ಸವೆಸುತ್ತದೆ. ದಿನಾಂಕ ಮತ್ತು ಗಡಿಯಾರದಿಂದ ಸೂರ್ಯನ ಸ್ಥಾನವನ್ನು ಲೆಕ್ಕಹಾಕುವ ನಿಯಂತ್ರಕವೇ ಮೇಲು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಾಮಾನ್ಯ ಫಲಕಕ್ಕೆ ಅತಿಯಾದ ನಿಖರತೆಯೂ ಬೇಕಿಲ್ಲ, ಏಕೆಂದರೆ ಗುರಿ 5 ಡಿಗ್ರಿ ತಪ್ಪಿದರೂ ನೇರ ಬಿಸಿಲಿನಲ್ಲಿ ಕಳೆದುಕೊಳ್ಳುವುದು ಶೇ. ಅರ್ಧಕ್ಕಿಂತ ಕಡಿಮೆ.

ಮನೆಯ ಚಾವಣಿಗೆ ನಾನು ಸ್ಥಿರ ಫಲಕವನ್ನೇ ಆರಿಸುತ್ತೇನೆ. ಜಾಗವಿದ್ದರೆ ಇನ್ನೊಂದು ಫಲಕವನ್ನು ಸೇರಿಸುವುದು, ಗಾಳಿಯ ಹೊಡೆತಕ್ಕೆ ಸಡಿಲವಾಗುವ ಗೇರುಗಳನ್ನು ನೋಡಿಕೊಳ್ಳುವುದಕ್ಕಿಂತ ಸುಲಭ. ಋತುವಿಗೊಮ್ಮೆ ಕೈಯಿಂದಲೇ ಓರೆಯನ್ನು ಬದಲಿಸಿದರೆ ಎರಡನೆಯ ಅಕ್ಷದ ಕೆಲಸವೂ ಬಹುಮಟ್ಟಿಗೆ ಮುಗಿಯುತ್ತದೆ. ಬ್ಯಾಟರಿಯಿಲ್ಲದೆ ನೇರವಾಗಿ ಪಂಪ್ ಓಡಿಸುವವರಿಗೆ ಮಾತ್ರ ಏಕಾಕ್ಷ ವ್ಯವಸ್ಥೆ ನಿಜವಾಗಿಯೂ ಉಪಯುಕ್ತ, ಏಕೆಂದರೆ ಪಂಪ್ ಬೇಗ ಶುರುವಾಗಿ ತಡವಾಗಿ ನಿಲ್ಲುತ್ತದೆ. ಸಾಲುಸಾಲಾಗಿ ನಿಲ್ಲಿಸುವುದಾದರೆ, ಮುಂಜಾನೆ ಒಂದು ಸಾಲಿನ ನೆರಳು ಮತ್ತೊಂದರ ಮೇಲೆ ಬೀಳದಂತೆ ಫಲಕಗಳನ್ನು ಸ್ವಲ್ಪ ಹಿಮ್ಮುಖವಾಗಿ ತಿರುಗಿಸುವ ಸೌಲಭ್ಯ ನಿಯಂತ್ರಕದಲ್ಲಿದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು.