ಅಸೆಂಬಲ್ಡ್ ಗೇಮಿಂಗ್ ಪಿಸಿ ಮಾಡಿಸೋಕೆ ಹೊರಟಿದೀರಾ? ದುಡ್ಡು ಕೊಡೋ ಮುಂಚೆ ಇದನ್ನ ಓದಿ

ಬರೀಬಾರ್ದು ಅಂತಿದ್ದೆ, ಆದ್ರೆ ಹೊಟ್ಟೆ ಉರೀತಿದೆ. ನಾಳೆ ಇನ್ಯಾರೋ ಹೋಗಿ ಇದೇ ಥರ ಟೋಪಿ ಹಾಕಿಸ್ಕೊಂಡು ಬರೋದು ಬೇಡ.

ತಮ್ಮನಿಗೆ ಇಂಜಿನಿಯರಿಂಗ್ ಸೀಟು ಸಿಕ್ತು. ಕೋಡಿಂಗೂ ಆಗ್ಬೇಕು, ಗೇಮೂ ಆಡ್ಬೇಕು, ಲ್ಯಾಪ್‌ಟಾಪಾ ಡೆಸ್ಕ್‌ಟಾಪಾ ಅಂತ ಮನೇಲಿ ದಿನಾ ಅದೇ ಮಾತು. ಬಜೆಟ್ಟು 70 ಸಾವಿರ, ಅದ್ರಲ್ಲಿ ಅರ್ಧ ಅಪ್ಪನ ಚೀಟಿ ದುಡ್ಡು. ಕಂಪ್ಯೂಟರ್ ಅಂಗಡಿಗಳೇ ತುಂಬಿರೋ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಮೊದಲು ಕೇಳಿದ್ದೇ ಲ್ಯಾಪ್‌ಟಾಪ್ ರೇಟು. "ಲ್ಯಾಪ್‌ಟಾಪ್ ವೇಸ್ಟ್ ಸರ್, ಬಿಸಿ ಆಗತ್ತೆ, ಗ್ರಾಫಿಕ್ಸ್ ಕಾರ್ಡ್ ಹೋದ್ರೆ ಬೋರ್ಡೇ ಹೋದಂಗೆ, ಅಸೆಂಬಲ್ ಮಾಡ್ಸಿ, ಮುಂದೆ ಬೇಕಾದ್ರೆ ಕಾರ್ಡ್ ಒಂದೇ ಬದಲಾಯಿಸ್ಕೋಬಹುದು" ಅಂದ ಅಂಗಡಿಯವ್ನು. ಆ ಮಾತು ಸುಳ್ಳೇನಲ್ಲ, ಅದಕ್ಕೇ ನಂಬಿಕೆ ಬಂದಿದ್ದು. ಗೇಮಿನ ಚಿತ್ರ ಮೂಡಿಸೋದೇ ಈ ಗ್ರಾಫಿಕ್ಸ್ ಕಾರ್ಡು, ಅದರ ಮಾಡೆಲ್ಲೂ ಮೆಮೊರಿನೂ ಕೊಟೇಷನ್ನಲ್ಲಿ ಅವನೇ ಬರೆದ, ಆರ್‌ಟಿಎಕ್ಸ್ 3050, 8 ಜಿಬಿ ಅಂತ. 8 ಜಿಬಿ ಅಂತ ಅವನ ಕೈಯಲ್ಲೇ ಬರೆದಿದ್ದು!

ಸಂಜೆ ಫಿಟ್ ಮಾಡಿ ಕೊಟ್ರು, ಮನೆಗೆ ತಂದ್ವಿ, ಲೈಟೆಲ್ಲಾ ಮಿಣಮಿಣ ಅಂತಿತ್ತು, ಅಪ್ಪಂಗೂ ಖುಷಿ. ತಮ್ಮನ ಫ್ರೆಂಡ್ ಒಬ್ಬ ಬಂದವನು ಪಕ್ಕದ ಗ್ಲಾಸಿಗೆ ಮುಖ ಇಟ್ಟು ನೋಡಿ, "ಅಣ್ಣಾ, ಕಾರ್ಡಿಗೆ ಪವರ್ ಕೇಬಲ್ಲೇ ಹಾಕಿಲ್ವಲ್ಲ" ಅಂದ. ನೋಡಿದ್ರೆ ಎಸ್‌ಎಂಪಿಎಸ್‌ನಿಂದ, ಅಂದ್ರೆ ಪಿಸಿಗೆ ಕರೆಂಟ್ ಕೊಡೋ ಡಬ್ಬಿಯಿಂದ, ಬರೋ ಆ ಕೇಬಲ್ಲು ಹಂಗೇ ಸುತ್ತಿ ಟ್ಯಾಗ್ ಕಟ್ಟಿ ಮೂಲೇಲಿ ತುರುಕಿದಾರೆ. ಕಾರ್ಡಲ್ಲಿ ಅದನ್ನ ಚುಚ್ಚೋಕೆ ಜಾಗಾನೇ ಇಲ್ಲ. ವಿಂಡೋಸಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದ್ರೆ ಡೆಡಿಕೇಟೆಡ್ ಮೆಮೊರಿ, ಅಂದ್ರೆ ಕಾರ್ಡಿಂದೇ ಮೆಮೊರಿ, 6 ಜಿಬಿ. ಅಪ್ಪ ಪಕ್ಕದಲ್ಲೇ ನಿಂತು "ಏನಾಯ್ತೋ?" ಅಂತ ಕೇಳ್ತಿದ್ರೆ ನಂಗೆ ಮುಖ ಎತ್ತೋಕೂ ಆಗ್ಲಿಲ್ಲ.

3050 ಅನ್ನೋ ಹೆಸರಲ್ಲಿ ಎರಡು ಕಾರ್ಡ್ ಇದೆ. 2022ರಲ್ಲಿ ಬಂದ 8 ಜಿಬಿದು 130 ವ್ಯಾಟ್, 128 ಬಿಟ್ ಬಸ್ಸು (ಮೆಮೊರಿಗೂ ಚಿಪ್ಪಿಗೂ ನಡುವಿನ ದಾರಿ ಎಷ್ಟು ಅಗಲ ಅನ್ನೋದು), ಅದಕ್ಕೆ ಕೇಬಲ್ ಬೇಕು. 2024ರಲ್ಲಿ ಬಂದ 6 ಜಿಬಿದು 70 ವ್ಯಾಟ್, 96 ಬಿಟ್, ಲೆಕ್ಕ ಮಾಡೋ ಕೋರ್ ಕೂಡ 2560 ಇದ್ದಿದ್ದು 2304. ಬರೀ 2 ಜಿಬಿ ಕಮ್ಮಿ ಅಲ್ಲ, ಕಾರ್ಡೇ ಒಂದು ಮೆಟ್ಲು ಕೆಳಗಿಂದು.

ಫೋನ್ ಮಾಡಿದ್ರೆ "ಎರಡೂ 3050ನೇ ಸರ್, ಸೇಮ್". ಬಿಲ್ಲಲ್ಲಿ 6 ಜಿಬಿ ಅಂತ ಯಾಕಿಲ್ಲ ಅಂದ್ರೆ "ಬಿಲ್ಲಲ್ಲಿ 8 ಅಂತಾನೂ ಇಲ್ವಲ್ಲ ಸರ್". ಹೌದು, ಬಿಲ್ಲಲ್ಲಿ ಬರೀ "ಗ್ರಾಫಿಕ್ಸ್ ಕಾರ್ಡ್ 3050" ಅಂತ ಇದೆ, ಸೀರಿಯಲ್ ನಂಬರ್ ಇಲ್ಲ, ಡಬ್ಬ ಕೇಳಿದ್ರೆ "ಡಬ್ಬ ಎಸೆದ್ಬಿಟ್ವಿ". ಅಂಗಡಿಗೇ ಹೋದ್ರೆ ಆ ಮನುಷ್ಯ ಸೀಟಿಂದ ಏಳ್ಲೇ ಇಲ್ಲ. "ನಿಮ್ ತಮ್ಮ ಆಡೋ ಗೇಮಿಗೆ ಅಷ್ಟು ಸಾಕು ಸರ್" ಅಂದ. ನನ್ನ ತಮ್ಮಂಗೆ ಎಷ್ಟು ಸಾಕು ಅಂತ ಇವನ್ಯಾರು ಹೇಳೋಕೆ?

ಹಂಗಂತ ಲ್ಯಾಪ್‌ಟಾಪ್ ತಗೊಂಡ್ರೆ ಸೇಫ್ ಅಂತ ಅಂದ್ಕೋಬೇಡಿ. ಅಲ್ಲೂ ಇದೇ ಕಥೆ. ಆರ್‌ಟಿಎಕ್ಸ್ 4060 ಅಂತ ಸ್ಟಿಕ್ಕರ್ ಇರತ್ತೆ, ಆದ್ರೆ ಲ್ಯಾಪ್‌ಟಾಪಲ್ಲಿ ಅದು 35 ವ್ಯಾಟಿಂದ 115 ವ್ಯಾಟ್ ತನಕ ಎಷ್ಟಾದ್ರೂ ಇರಬಹುದು, ವ್ಯಾಟ್ ಕಮ್ಮಿ ಆದಷ್ಟೂ ಸ್ಪೀಡೂ ಕಮ್ಮಿ. ಒಂದು ವ್ಯತ್ಯಾಸ ಏನಂದ್ರೆ, ಅದು ಸೀಲ್ ಇರೋ ಡಬ್ಬದಲ್ಲಿ ಬರತ್ತೆ, ಮಾಡೆಲ್ ನಂಬರ್ ಹಾಕಿ ವ್ಯಾಟ್ ಎಷ್ಟು ಅಂತ ಮನೇಲೇ ಕೂತು ನೋಡ್ಕೋಬಹುದು.

ಡೆಸ್ಕ್‌ಟಾಪೇ ಬೇಕು ಅಂದ್ರೆ ಪ್ರತಿ ಡಬ್ಬಾನೂ ನಿಮ್ಮ ಕಣ್ಣೆದುರೇ ಓಪನ್ ಮಾಡ್ಸಿ, ಖಾಲಿ ಡಬ್ಬ ಮನೆಗೆ ತನ್ನಿ, ಜಿಎಸ್‌ಟಿ ಬಿಲ್ಲಲ್ಲಿ ಪೂರ್ತಿ ಮಾಡೆಲ್ಲು, ಜಿಬಿ, ಸೀರಿಯಲ್ ನಂಬರ್ ಬರೆಸಿ. ಬರೆಯಲ್ಲ ಅಂದ್ರೆ ಎದ್ದು ಬನ್ನಿ, ಆ ರೋಡಲ್ಲಿ ಸರಿಯಾಗಿ ವ್ಯಾಪಾರ ಮಾಡೋರು ಬೇಕಾದಷ್ಟು ಜನ ಇದಾರೆ.

ಕನ್ಸ್ಯೂಮರ್ ಹೆಲ್ಪ್‌ಲೈನ್ 1915ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಕೊಟ್ಟಿದೀನಿ, ಅವನು ಬರೆದ ಕೊಟೇಷನ್ ಫೋಟೋ ಸಮೇತ. ಅದು ಗೊತ್ತಾದ ಮೇಲೆ ಅವನೇ ಫೋನ್ ಮಾಡಿ "ಒಂದು ಗೇಮಿಂಗ್ ಮೌಸ್ ಫ್ರೀ ಕೊಡ್ತೀನಿ ಸರ್, ಇಲ್ಲಿಗೆ ಮುಗಿಸ್ಬಿಡಿ" ಅಂದ. ಮೌಸ್ ನೀನೇ ಇಟ್ಕೋ, 8 ಜಿಬಿ ಕಾರ್ಡ್ ಕೊಡು ಅಂದಿದೀನಿ.