ದುಬೈ, ಮೆಲ್ಬರ್ನ್, ಕಬ್ಬನ್ ಪಾರ್ಕ್: ಟೆನಿಸ್ ನೋಡಲು ಎಲ್ಲಿಗೆ ಹೋಗಬೇಕು?

ಮಂಗಳೂರಿನಲ್ಲಿದ್ದುಕೊಂಡು ದೊಡ್ಡ ಟೆನಿಸ್ ನೋಡಬೇಕೆಂದರೆ ಟಿವಿಯೇ ಗತಿ. ಕಣ್ಣಾರೆ ನೋಡುವ ಆಸೆಯಿರುವವರು ಎಲ್ಲಿಗೆ ಹೋಗಬಹುದು ಎಂದು ಕೇಳುತ್ತಿರುತ್ತಾರೆ. ನಾನು ಹೋಗಿ ಬಂದ ಮೂರು ಜಾಗಗಳನ್ನು ಇಲ್ಲಿ ತೂಗಿ ನೋಡಿದ್ದೇನೆ.

ನಮ್ಮ ಕರಾವಳಿಯವರಿಗೆ ಸುಲಭದ್ದು ದುಬೈ. ಬಜಪೆಯಲ್ಲಿ ಹತ್ತಿದರೆ ನೇರ ವಿಮಾನ. ಉಳಿದುಕೊಳ್ಳಲು ಭಾವನ ಮನೆಯೋ ದೊಡ್ಡಮ್ಮನ ಮಗನ ರೂಮೋ ಇದ್ದೇ ಇರುತ್ತದೆ. ಫೆಬ್ರವರಿಯ ಕೊನೆಯಲ್ಲಿ ಮೊದಲ ವಾರ ಹೆಂಗಸರ ಟೂರ್ನಿ, ಮರುವಾರ ಗಂಡಸರದ್ದು. ಗರ್ಹೂದ್‌ನ ಸ್ಟೇಡಿಯಂನಲ್ಲಿ ಸೀಟು 5,000 ಮಾತ್ರ. ಹಾಗಾಗಿ ಹಿಂದಿನ ಸಾಲಿನಲ್ಲಿ ಕೂತರೂ ಆಟಗಾರನ ಮುಖ ಕಾಣುತ್ತದೆ. ಫೆಡರರ್ ಎಂಟು ಸಲ ಗೆದ್ದ ಕೋರ್ಟ್ ಇದು, ಅವರ 100ನೇ ಪ್ರಶಸ್ತಿಯೂ 2019ರಲ್ಲಿ ಇಲ್ಲೇ ಬಂದದ್ದು. ದುಬೈ ಅಂದರೆ ಸೆಕೆ ಅಂದುಕೊಂಡು ಹೋಗಬೇಡಿ ಮಾರಾಯ್ರೆ, ರಾತ್ರಿ ಪಂದ್ಯಕ್ಕೆ ಸ್ವೆಟರ್ ಬೇಕೇ ಬೇಕು.

ಎಲ್ಲರೂ ಫೈನಲ್ ಟಿಕೆಟ್‌ಗೆ ಮುಗಿಬೀಳುತ್ತಾರೆ. ನನ್ನ ಪ್ರಕಾರ ಅದು ತಪ್ಪು ಲೆಕ್ಕ. ಗಂಡಸರ ಸಿಂಗಲ್ಸ್‌ನಲ್ಲಿ ಆಡುವವರು 32 ಮಂದಿ. ಸೋಮವಾರವೋ ಮಂಗಳವಾರವೋ ಹೋದರೆ ದೊಡ್ಡ ಹೆಸರಿನವರ ಪಂದ್ಯಗಳು ಒಂದರ ಹಿಂದೆ ಒಂದು ಸಿಗುತ್ತವೆ. ಶುಕ್ರವಾರಕ್ಕೆ ಉಳಿಯುವುದು ನಾಲ್ವರು.

ಮೆಲ್ಬರ್ನ್‌ನ ಆಸ್ಟ್ರೇಲಿಯನ್ ಓಪನ್ ಬೇರೆಯೇ ಲೋಕ. ಖರ್ಚು, ವೀಸಾ, ಪ್ರಯಾಣ ಎಲ್ಲವೂ ಭಾರ, ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಗ್ರೌಂಡ್ ಪಾಸ್ ತಗೊಂಡವರಿಗೆ ಮೊದಲ ವಾರದಲ್ಲಿ ಸಿಗುವಷ್ಟು ಟೆನಿಸ್ ಬೇರೆಲ್ಲೂ ಸಿಗಲಿಲ್ಲ. ಮುಖ್ಯ ಸ್ಟೇಡಿಯಂ ಆದ ರಾಡ್ ಲೇವರ್ ಅರೀನಾದೊಳಗೆ ಬಿಡುವುದಿಲ್ಲ, ಆದರೆ ಹೊರಗಿನ ಕೋರ್ಟ್‌ಗಳಲ್ಲಿ ಜಾಗ ಸಿಕ್ಕಲ್ಲಿ ಕೂರಬಹುದು. 2024ರ ಜನವರಿಯಲ್ಲಿ ನಮ್ಮ ಸುಮಿತ್ ನಾಗಲ್ ಟೂರ್ನಿಯ 31ನೇ ಶ್ರೇಯಾಂಕದ (ಸೀಡ್) ಬುಬ್ಲಿಕ್ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದ್ದು ಅಂಥದ್ದೇ ಒಂದು ಹೊರಗಿನ ಕೋರ್ಟ್‌ನಲ್ಲಿ. 1989ರಲ್ಲಿ ಇದೇ ಟೂರ್ನಿಯಲ್ಲಿ ರಮೇಶ್ ಕೃಷ್ಣನ್ ಅಗ್ರ ಶ್ರೇಯಾಂಕದ ವಿಲಾಂಡರ್ ಅವರನ್ನು ಮಣಿಸಿದ್ದರು. ಆಮೇಲೆ ಗ್ರ್ಯಾಂಡ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ನಮ್ಮ ಗಂಡಸರ್ಯಾರೂ ಶ್ರೇಯಾಂಕಿತರನ್ನು ಸೋಲಿಸಿರಲಿಲ್ಲ. ಆ ದಿನ ಅಲ್ಲಿ ಕೂಗಿ ನನ್ನ ಗಂಟಲು ಬಿದ್ದುಹೋಯಿತು.

ಮೆಲ್ಬರ್ನ್‌ನ ಬಿಸಿಲು ಮಾತ್ರ ನಿರ್ದಯಿ. ತಾಪ ಅತಿಯಾದರೆ ಚಾವಣಿಯಿರುವ ಅರೀನಾಗಳಲ್ಲಿ ಆಟ ಮುಂದುವರಿಯುತ್ತದೆ, ಹೊರಗಿನ ಕೋರ್ಟ್‌ಗಳಲ್ಲಿ ನಿಲ್ಲಿಸುತ್ತಾರೆ. ಗ್ರೌಂಡ್ ಪಾಸಿನವರಿಗೆ ಅದೇ ದೊಡ್ಡ ನಷ್ಟ.

ಇನ್ನು ಬೆಂಗಳೂರು ಓಪನ್. ಇದು ಚಾಲೆಂಜರ್ ಮಟ್ಟದ್ದು, ಅಂದರೆ ಮುಖ್ಯ ಟೂರ್‌ಗಿಂತ ಒಂದು ಮೆಟ್ಟಿಲು ಕೆಳಗಿನದು, ಮೇಲಿನೆರಡರ ಸಾಲಿಗೆ ಸೇರುವುದಿಲ್ಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಶಿರಾಡಿ ಹತ್ತುವ ರಾತ್ರಿ ಬಸ್ಸಿನಲ್ಲಿ ಹೋಗಿ, ಮೆಜೆಸ್ಟಿಕ್‌ನಲ್ಲಿಳಿದು ಮೆಟ್ರೋ ಹಿಡಿದರೆ ಕಬ್ಬನ್ ಪಾರ್ಕ್. 2020ರಲ್ಲಿ ಟೆನಿಸ್ ಕಲಿಯುತ್ತಿದ್ದ ತಂಗಿಯ ಮಗನನ್ನು ಕರೆದುಕೊಂಡು ಹೋಗಿದ್ದೆ. ಲಿಯಾಂಡರ್ ಪೇಸ್ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಡಬಲ್ಸ್ ಆಡುತ್ತಿದ್ದರು. ರಂಗಸ್ಥಳದ ಬುಡದಲ್ಲಿ ಕೂತು ಯಕ್ಷಗಾನದ ಆಟ ನೋಡಿದ ಹಾಗೆ, ಬೂಟು ಕಿರ್ರೆನ್ನುವುದೂ ಕೇಳುತ್ತಿತ್ತು. ಇದೇ ಎಬ್ಡೆನ್ ನಾಲ್ಕು ವರ್ಷದ ಮೇಲೆ ನಮ್ಮ ಕೊಡಗಿನ ಬೋಪಣ್ಣ ಜೊತೆ ಮೆಲ್ಬರ್ನ್‌ನಲ್ಲಿ ಪ್ರಶಸ್ತಿ ಎತ್ತಿದರು.

ಟಿವಿ ಕ್ಯಾಮೆರಾ ಮೇಲಿನಿಂದ ನೋಡುತ್ತದೆ, ಚೆಂಡು ನೆಟ್ ಸವರಿಕೊಂಡು ನೆಟ್ಟಗೆ ಹೋದಂತೆ ಕಾಣುತ್ತದೆ. ತಗ್ಗಿನಲ್ಲಿ ಕೂತು ನೋಡಿ: ಚೆಂಡು ಮುಂದಕ್ಕೆ ಉರುಳುವಂತೆ ತಿರುಗಿಸಿ ಹೊಡೆಯುವ ಟಾಪ್‌ಸ್ಪಿನ್ ಹೊಡೆತ ನೆಟ್‌ಗಿಂತ ಎಷ್ಟೋ ಮೇಲೆ ಹಾರಿ, ಹೊರಗೇ ಹೋಯಿತು ಅನ್ನುವಷ್ಟರಲ್ಲಿ ಕೋರ್ಟಿನ ತುದಿಯ ಗೆರೆಯಾದ ಬೇಸ್‌ಲೈನ್ ಒಳಗೆ ಧುಮುಕುತ್ತದೆ. ಎದುರಾಳಿ ಹೊಡೆಯುವ ಕ್ಷಣಕ್ಕೆ ಸರಿಯಾಗಿ ಈಚೆ ಬದಿಯ ಆಟಗಾರರು ಎರಡೂ ಕಾಲಲ್ಲಿ ಪುಟ್ಟದೊಂದು ನೆಗೆತ ಹಾಕಿ ಸಜ್ಜಾಗುತ್ತಾರೆ. ಹುಡುಗ ಚೆಂಡು ಬಿಟ್ಟು ಆ ಕಾಲುಗಳನ್ನೇ ನೋಡುತ್ತಿದ್ದ. ಕೋಚ್ ನೂರು ಸಲ ಹೇಳಿದ್ದು ಅವನಿಗೆ ಅಲ್ಲಿ ತಲೆಗೆ ಹೋಯಿತು.

ಮಕ್ಕಳಿದ್ದವರು ಮೊದಲು ಕಬ್ಬನ್ ಪಾರ್ಕ್‌ಗೆ ಹೋಗಿ. ದೊಡ್ಡ ಆಟಗಾರರನ್ನೇ ನೋಡಬೇಕೆಂದರೆ ದುಬೈ. ಮೆಲ್ಬರ್ನ್‌ಗೆ ಹಣ, ರಜೆ ಎರಡೂ ಕೂಡಿಬಂದಾಗ ಹೋದರಾಯಿತು. ಎಲ್ಲೇ ಆಗಲಿ, ಆಯ್ಕೆಯಿದ್ದರೆ ಬೇಸ್‌ಲೈನ್ ಹಿಂದಿನ ಸೀಟು ಹಿಡಿಯಿರಿ. ಬದಿಯ ಸೀಟಿನಲ್ಲಿ ಕತ್ತು ತಿರುಗಿಸಿಯೇ ಸಾಕಾಗುತ್ತದೆ, ಚೆಂಡಿನ ತಿರುವೂ ಅಷ್ಟು ಚೆನ್ನಾಗಿ ಕಾಣುವುದಿಲ್ಲ.